ಅಪ್ಪಿಕೊಳ್ಳಲು ಮರವಿಲ್ಲದ ನಾಡು

(ಬಯಲುಸೀಮೆಯ ಹುಲ್ಲುಗಾವಲುಗಳನ್ನೂ ಹಳೆಯ ಪಟ್ಟಣಗಳನ್ನೂ ನೋಡಲು ಹೊರಟ ಮಲೆನಾಡಿನ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ತಂಡವು ಹುಬ್ಬಳ್ಳಿ ಸಮೀಪದ ಸುಳ್ಳ ಗ್ರಾಮದಲ್ಲಿ ಒಂದು ರಾತ್ರಿ ತಂಗಿತ್ತು. ಮರುದಿನ ಬೆಳಿಗ್ಗೆ ಆ ಊರಿನ ಕೃಷಿಕರೊಬ್ಬರು ತಂಡದ ಮುಂದೆ ಮಾಡಿದ ಭಾಷಣದ ಬರಹರೂಪ.)



ನಮ್ಮೂರಿನ ಹೆಸರು ಸುಳ್ಳ. ಈ ಹೆಸರನ್ನು ಕೇಳಿದವರು ಮೊದಲು ನಗುತ್ತಾರೆ. ನೀವೂ ನಿನ್ನೆ ನಕ್ಕಿದ್ದೀರಿ. ನಕ್ಕುದಕ್ಕೆ ಬೇಸರವಿಲ್ಲ. ಊರಿನ ಹೆಸರು ಏನೇ ಇರಲಿ, ನಾನು ಇಂದು ಹೇಳುವ ಮಾತು ಸತ್ಯವಾಗಿರಬೇಕೆಂದು ಪ್ರಯತ್ನಿಸುತ್ತೇನೆ.

ನಿನ್ನೆ ಸಂಜೆ ನೀವು ಬಸ್ಸಿನಿಂದ ಇಳಿದಾಗ ನಿಮ್ಮಲ್ಲಿ ಒಬ್ಬ ವಿದ್ಯಾರ್ಥಿ ಸುತ್ತಲೂ ನೋಡಿ, "ಇಲ್ಲಿ ಏನೂ ಇಲ್ಲವಲ್ಲ!" ಎಂದ. ಅವನನ್ನು ದೂಷಿಸುವುದಕ್ಕಾಗಿ ಈ ಮಾತನ್ನು ಎತ್ತುತ್ತಿಲ್ಲ. ಹುಟ್ಟಿದಂದಿನಿಂದ ಕಾಡು, ತೋಟ, ಬೆಟ್ಟಗಳ ನಡುವೆ ಬೆಳೆದ ಕಣ್ಣಿಗೆ ಈ ಬಯಲು ಬರಿದಾಗಿಯೇ ಕಾಣುತ್ತದೆ. ನಾಲ್ಕೂ ದಿಕ್ಕಿಗೆ ನೆಲವು ಆಕಾಶವನ್ನು ಮುಟ್ಟುತ್ತದೆ. ನಡುವೆ ಒಂದು ಬನ್ನಿಯ ಗಿಡ, ದೂರದಲ್ಲಿ ಒಂದು ಬೇವು, ಹಳ್ಳದ ದಂಡೆಯಲ್ಲಿ ಕೆಲವು ಜಾಲಿಗಳು, ಅಷ್ಟೇ. ಆದರೆ "ಇಲ್ಲಿ ಏನೂ ಇಲ್ಲ" ಎಂಬ ಇದೇ ಮಾತನ್ನು ಸರಕಾರದ ಕಾಗದವೂ ಹೇಳುತ್ತದೆ, ಕಾರ್ಖಾನೆಗೆ ಜಾಗ ಹುಡುಕುವವರೂ ಹೇಳುತ್ತಾರೆ, ಒಳ್ಳೆಯ ಮನಸ್ಸಿನಿಂದ ಸಸಿ ನೆಡಲು ಬರುವವರೂ ಹೇಳುತ್ತಾರೆ. ಈ ಮೂರು ದಿನಗಳ ಪ್ರವಾಸದಲ್ಲಿ ನೀವು ಆ ಮಾತನ್ನು ಪರೀಕ್ಷೆಗೆ ಒಡ್ಡಬೇಕು ಎಂಬುದೇ ನನ್ನ ವಿನಂತಿ.

ಎರೆಯ ನೆಲದ ಲೆಕ್ಕ

ಮೊದಲು ಕಾಲ ಕೆಳಗಿನ ನೆಲವನ್ನು ನೋಡೋಣ. ಇದು ಎರೆಭೂಮಿ. ಮಳೆ ಬಿದ್ದಾಗ ಈ ಕಪ್ಪು ಮಣ್ಣು ನೀರು ಕುಡಿದು ಉಬ್ಬುತ್ತದೆ. ಬೇಸಗೆಯಲ್ಲಿ ಒಣಗಿ ಕುಗ್ಗಿ ಬಾಯಿ ಬಿಡುತ್ತದೆ. ಆ ಬಿರುಕಿನಲ್ಲಿ ನಿಮ್ಮ ತೋಳು ಮೊಣಕೈವರೆಗೆ ಇಳಿಯಬಹುದು. ವರ್ಷವರ್ಷವೂ ಹೀಗೆ ಹಿಗ್ಗಿ ಕುಗ್ಗುವ ಮಣ್ಣಿನಲ್ಲಿ ಮರದ ಬೇರು ನೆಲೆಯೂರುವುದು ಕಷ್ಟ. ಹುಲ್ಲಿಗೆ ಆ ಕಷ್ಟವಿಲ್ಲ. ಅದರ ಬೇರು ನೂಲಿನಂತೆ ಹರಡಿ ಮಣ್ಣನ್ನು ಹಿಡಿಯುತ್ತದೆ, ಬೇಸಗೆಯಲ್ಲಿ ಮೇಲಿನದು ಒಣಗಿದರೂ ಕೆಳಗೆ ಜೀವ ಉಳಿಸಿಕೊಂಡಿರುತ್ತದೆ, ಮೊದಲ ಮಳೆಗೆ ಎದ್ದು ಬರುತ್ತದೆ. ನಿಮ್ಮ ಕಾಡು ತನ್ನ ಸಂಪತ್ತನ್ನು ನೆಲದ ಮೇಲೆ ಎತ್ತಿ ತೋರಿಸುತ್ತದೆ. ಹುಲ್ಲುಗಾವಲು ತನ್ನ ಸಂಪತ್ತಿನ ಬಹುಪಾಲನ್ನು ನೆಲದೊಳಗೆ ಇಟ್ಟುಕೊಳ್ಳುತ್ತದೆ. ಬೆಂಕಿ ಬಿದ್ದರೂ ಅದು ಸುಲಭವಾಗಿ ಸುಟ್ಟುಹೋಗುವುದಿಲ್ಲ.

ಈಗ ಮಾಗಿಯ ಕಾಲ. ಮಳೆ ನಿಂತು ವಾರಗಳಾದರೂ ಹೊಲದಲ್ಲಿ ಬಿಳಿಜೋಳ, ಕಡಲೆ, ಕುಸುಬೆ, ಗೋಧಿ ಹಸಿರಾಗಿ ನಿಂತಿರುವುದನ್ನು ನೀವು ಕಂಡಿದ್ದೀರಿ. ಯಾವ ಕೊಳವೆಯಿಂದಲೂ ಇವುಗಳಿಗೆ ನೀರು ಹಾಯಿಸಿಲ್ಲ. ಎರೆಯು ಹಿಡಿದಿಟ್ಟುಕೊಂಡ ತೇವ ಮತ್ತು ಮುಂಜಾನೆಯ ಇಬ್ಬನಿ, ಇವೆರಡರ ಮೇಲೆಯೇ ಹಿಂಗಾರಿ ಬೆಳೆಯುತ್ತದೆ. ನಿಮ್ಮಲ್ಲಿ ಒಂದೇ ಮಳೆಗಾಲದಲ್ಲಿ ಬೀಳುವಷ್ಟು ನೀರು ನಮಗೆ ಇಡೀ ವರ್ಷದಲ್ಲಿಯೂ ಬೀಳುವುದಿಲ್ಲ. ಅಷ್ಟರಲ್ಲಿಯೇ ಸಾವಿರಾರು ವರ್ಷ ಬಾಳಿದ ನಾಡು ಇದು. ಇದನ್ನು ಬರಡು ಎಂದು ಕರೆಯುವ ಮುನ್ನ ಸ್ವಲ್ಪ ತಡೆದು ಯೋಚಿಸಬೇಕು.

ನಾನು ಮಾಡಿದ ತಪ್ಪು

ಮುಂದೆ ಹೋಗುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಕಾಲೇಜಿನಲ್ಲಿದ್ದಾಗ ಸಸಿ ನೆಡುವ ಉತ್ಸಾಹ ಎಲ್ಲೆಲ್ಲೂ ಇತ್ತು. ಗದಗಿನ ಕಡೆಯ ಒಂದು ಗುಡ್ಡದ ಇಳಿಜಾರಿಗೆ ನಮ್ಮ ತಂಡ ಹೋಯಿತು. ಗುಡ್ಡದ ತುಂಬ ಮೊಣಕಾಲೆತ್ತರದ ಕರಡದ ಹುಲ್ಲು. ನಾವು ಒಂದು ವಾರ ಅಲ್ಲಿಯೇ ಇದ್ದು, ಸಾಲುಸಾಲಾಗಿ ಗುಂಡಿ ತೋಡಿ, ನೀಲಗಿರಿ ಮತ್ತು ಅಕೇಶಿಯಾ ಸಸಿಗಳನ್ನು ನೆಟ್ಟೆವು. ಗುಂಡಿ ತೋಡುವಾಗ ಅಲ್ಲಲ್ಲಿ ನೆಲದ ಮೇಲೆಯೇ ಚಿಕ್ಕ ಚಿಕ್ಕ ಗೂಡುಗಳು, ಚುಕ್ಕಿ ಚುಕ್ಕಿಯ ಮೊಟ್ಟೆಗಳು ಸಿಕ್ಕವು. ಅವುಗಳನ್ನು ಪಕ್ಕಕ್ಕೆ ಸರಿಸಿ ಕೆಲಸ ಮುಂದುವರಿಸಿದೆವು. ಪಕ್ಕಕ್ಕೆ ಸರಿಸಿದ ಗೂಡಿಗೆ ತಾಯಿಹಕ್ಕಿ ಮರಳದೆ ಹೋಗಬಹುದೆಂಬುದು ನಮಗೆ ತಿಳಿದಿರಲಿಲ್ಲ.

ಕೊನೆಯ ದಿನ ಕುರಿ ಕಾಯುವ ಒಬ್ಬ ಮುದುಕ ಬಂದು ನಮ್ಮ ಸಾಲುಗಳನ್ನು ನೋಡುತ್ತ ನಿಂತ. ಅವನು ಮೆಚ್ಚಿಕೊಳ್ಳುವನೆಂದು ನಾವು ಭಾವಿಸಿದ್ದೆವು. "ಛಲೋ ಕೆಲಸ ಮಾಡೀರಿ ತಮ್ಮಾ. ಆದ್ರ ಇಲ್ಲಿ ಮೊದಲ ಏನಿತ್ತು ಅಂತ ಯಾರನ್ನರ ಕೇಳಿದ್ರೇನು?" ಎಂದು ಕೇಳಿ ಹೊರಟುಹೋದ. ಏಳೆಂಟು ವರ್ಷಗಳ ನಂತರ ಅದೇ ಗುಡ್ಡಕ್ಕೆ ಹೋದೆ. ಮರಗಳು ಬದುಕಿದ್ದವು. ಅವುಗಳ ಕೆಳಗೆ ಹುಲ್ಲು ಇರಲಿಲ್ಲ. ಕುರಿಗಳು ಬೇರೆ ಕಡೆಗೆ ಹೋಗಿದ್ದವು. ಮುಂಜಾನೆ ನೆಲದಿಂದ ನೇರ ಮೇಲಕ್ಕೆ ಹಾರಿ ಹಾಡುವ ಬಾನಾಡಿಯ ದನಿ ಅಲ್ಲಿ ಕೇಳಲಿಲ್ಲ. ನಾವು ಹಸಿರು ಮಾಡಿದ್ದೆವು. ಆದರೆ ಒಂದು ಮನೆಯನ್ನು ಕೆಡವಿ ಮಾಡಿದ್ದೆವು. ಆ ಮುದುಕನ ಪ್ರಶ್ನೆ ಈಗಲೂ ನನ್ನ ಬೆನ್ನು ಬಿಟ್ಟಿಲ್ಲ.

'ಖರಾಬು' ಎಂಬ ಶಬ್ದ

ಈ ತಪ್ಪು ನನ್ನೊಬ್ಬನದಲ್ಲ. ನಿಮ್ಮ ಊರಿನ ಯಾವುದಾದರೂ ಪಹಣಿ ಪತ್ರಿಕೆಯನ್ನು ತೆಗೆದು ನೋಡಿ. ಅದರಲ್ಲಿ 'ಖರಾಬು' ಎಂಬ ಕಾಲಂ ಇದೆ. ಖರಾಬು ಎಂದರೆ ಕೆಟ್ಟದ್ದು. ಬೇಸಾಯಕ್ಕೆ ಬಾರದ, ಕಂದಾಯ ತಾರದ ನೆಲಕ್ಕೆ ಬ್ರಿಟಿಷರ ಕಾಲದ ಕಂದಾಯ ಪದ್ಧತಿಯು ಕೊಟ್ಟ ಹಣೆಪಟ್ಟಿ ಇದು. ಕಲ್ಲುಗುಡ್ಡ, ಹುಲ್ಲುಗಾವಲು, ಕುರುಚಲು ಎಲ್ಲವೂ ಅದರಲ್ಲಿ ಸೇರುತ್ತವೆ. ಸ್ವಾತಂತ್ರ್ಯ ಬಂದ ಮೇಲೆಯೂ ಆ ದೃಷ್ಟಿ ಬದಲಾಗಲಿಲ್ಲ. 2000ನೆಯ ಇಸವಿಯಲ್ಲಿ ದೇಶದ ಪಾಳುಭೂಮಿಯ ಭೂಪಟ ಸಂಪುಟವೊಂದು ಹೊರಬಂತು. ಮೇಯುವ ನೆಲವೂ ಕುರುಚಲು ನೆಲವೂ ಅದರಲ್ಲಿ ಪಾಳು ಎಂದೇ ಎಣಿಕೆಯಾದವು. ಒಮ್ಮೆ ಪಾಳು ಎಂದು ಬರೆದ ಮೇಲೆ ಅದನ್ನು 'ಉದ್ಧಾರ' ಮಾಡಲು ಯಾರು ಬೇಕಾದರೂ ಮುಂದೆ ಬರಬಹುದು.

ಈ ಉದ್ಧಾರದ ಒಂದು ಕತೆ ನಿಮ್ಮ ಸೀಮೆಗೆ ಹತ್ತಿರದ್ದೇ. 1984ರಲ್ಲಿ ಸರಕಾರವು ಒಂದು ಖಾಸಗಿ ನಾರು ಕಾರ್ಖಾನೆಯ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿತು. ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಸುಮಾರು 30,000 ಹೆಕ್ಟೇರ್ ನೆಲವನ್ನು ನೀಲಗಿರಿಯಂತಹ ತೋಪುಗಳಿಗಾಗಿ ಆ ಸಂಸ್ಥೆಗೆ ವಹಿಸುವ ಯೋಜನೆಯದು. ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಹಳ್ಳಿಗರೊಡನೆ ನಿಂತಿತು, ಡಾ. ಶಿವರಾಮ ಕಾರಂತರು ಸರ್ವೋಚ್ಚ ನ್ಯಾಯಾಲಯದ ಅರ್ಜಿದಾರರಾದರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 1991ರಲ್ಲಿ ಆ ಸಂಸ್ಥೆ ಮುಚ್ಚಿತು.

ಇದಕ್ಕೆ ನಾಲ್ಕು ವರ್ಷ ಮೊದಲು, 1983ರಲ್ಲಿ, ಶಿರಸಿಯ ಹತ್ತಿರದ ಸಾಲ್ಕಣಿಯಲ್ಲಿ ನಿಮ್ಮ ಹಿರಿಯರು ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದಿದ್ದರು. ಅಪ್ಪಿಕೋ ಚಳವಳಿಯ ಬಗ್ಗೆ ನಿಮಗೆ ನಾನು ಹೇಳಬೇಕಾದುದಿಲ್ಲ. ನಾನು ಕೇಳುವ ಪ್ರಶ್ನೆ ಇಷ್ಟೇ: ಅಪ್ಪಿಕೊಳ್ಳಲು ಮರವೇ ಇಲ್ಲದ ನಾಡನ್ನು ಕಾಯುವುದು ಹೇಗೆ? ಹುಲ್ಲನ್ನು ಅಪ್ಪಿಕೊಳ್ಳಲಾಗದು. ಅದರ ನಡುವೆ ನಡೆದು, ಅಲ್ಲಿ ಏನಿದೆಯೆಂದು ತಿಳಿದು, ತಿಳಿದುದನ್ನು ನಾಲ್ಕು ಜನಕ್ಕೆ ಹೇಳಬಹುದು. ಆದ್ದರಿಂದ ಈ ಪ್ರವಾಸವನ್ನು ಬರಿಯ ವಿಹಾರವೆಂದು ನಾನು ಭಾವಿಸುವುದಿಲ್ಲ.

ನೀವು ನೋಡಲಿರುವ ಊರುಗಳು

ಇಂದು ನೀವು ಅಣ್ಣಿಗೇರಿಯ ಮಾರ್ಗವಾಗಿ ಗದಗ, ಲಕ್ಕುಂಡಿಗೆ ಹೋಗುತ್ತೀರಿ. ಅಣ್ಣಿಗೇರಿಯು ಆದಿಕವಿ ಪಂಪನ ತಾಯಿಯ ಕಡೆಯ ಊರು. ಅಲ್ಲಿಯ ಅಮೃತೇಶ್ವರ ದೇವಾಲಯ 11ನೆಯ ಶತಮಾನದ್ದು. ಗದಗಿನಲ್ಲಿ ತ್ರಿಕೂಟೇಶ್ವರನ ಗುಡಿಯನ್ನೂ, ಕುಮಾರವ್ಯಾಸನು ಭಾರತವನ್ನು ರಚಿಸಿದನೆಂದು ಜನ ನಂಬುವ ವೀರನಾರಾಯಣನ ಗುಡಿಯನ್ನೂ ನೋಡಿ. ನಾಳೆ ಸಂಜೆ ಲಕ್ಷ್ಮೇಶ್ವರಕ್ಕೆ ಹೋಗುತ್ತೀರಿ. ಅದರ ಹಳೆಯ ಹೆಸರು ಪುಲಿಗೆರೆ. ಪಂಪನು ತಾನು ಬರೆದುದು ಈ ಪುಲಿಗೆರೆಯ ತಿರುಳ್ಗನ್ನಡದಲ್ಲಿ ಎಂದು ಹೆಮ್ಮೆಪಟ್ಟಿದ್ದಾನೆ. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಹೇಳುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಕಿಸುವೊಳಲು ಎಂಬ ಪಟ್ಟದಕಲ್ಲೂ, ಕೊಪಣ ಎಂಬ ಕೊಪ್ಪಳವೂ ಅದರಲ್ಲಿವೆ. ಅಂದರೆ ನಮ್ಮ ಭಾಷೆಯ ತಿರುಳು ಬೆಳೆದುದು ಈ ಒಣ ಬಯಲಿನಲ್ಲಿ. ಇಲ್ಲಿ ಏನೂ ಇಲ್ಲದಿದ್ದರೆ ಅದು ಹೇಗೆ ಬೆಳೆಯುತ್ತಿತ್ತು?

ಊರ ಹೆಸರುಗಳಿಗೂ ಕಿವಿಗೊಡಿ. ಪುಲಿಗೆರೆ ಎಂದರೆ ಹುಲಿಯ ಕೆರೆ. ಇಲ್ಲಿಂದ ಉತ್ತರಕ್ಕಿರುವ ನವಲಗುಂದ ಎಂದರೆ ನವಿಲಿನ ಗುಡ್ಡ ಎನ್ನುತ್ತಾರೆ. ಹುಬ್ಬಳ್ಳಿ-ಧಾರವಾಡಗಳ ನಡುವೆ 2018ರಿಂದ ಓಡುತ್ತಿರುವ ಬಸ್ಸುಗಳಿಗೆ 'ಚಿಗರಿ' ಎಂದು ಹೆಸರಿಟ್ಟಿದ್ದಾರೆ; ಚಿಗರಿ ಎಂದರೆ ಕೃಷ್ಣಮೃಗ. ಬಸ್ಸು ದಿನವೂ ಕಾಣುತ್ತದೆ, ಚಿಗರಿಯನ್ನು ನೋಡಲು ರಾಣೆಬೆನ್ನೂರಿಗೆ ಹೋಗಬೇಕು. ಸಿವಂಗಿ ಎಂಬ ಶಬ್ದ ನಿಮಗೆ ಗೊತ್ತಿರಬಹುದು. ಅದು ಬಯಲಿನಲ್ಲಿ ಚಿಗರಿಯನ್ನು ಬೆನ್ನಟ್ಟಿ ಹಿಡಿಯುತ್ತಿದ್ದ ಚೀತಾ. ಆ ಪ್ರಾಣಿ ದೇಶದಿಂದಲೇ ಅಳಿದುಹೋಯಿತೆಂದು 1952ರಲ್ಲಿ ಸಾರಲಾಯಿತು. ಈಚೆಗೆ, 2022ರಲ್ಲಿ, ಆಫ್ರಿಕಾದಿಂದ ಕೆಲವು ಚೀತಾಗಳನ್ನು ಮಧ್ಯಪ್ರದೇಶಕ್ಕೆ ತರಲಾಗಿದೆ. ನಮ್ಮಲ್ಲಿ ಉಳಿದಿರುವುದು ಶಬ್ದ ಮಾತ್ರ.

ಲಕ್ಕುಂಡಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ ಅಲ್ಲಿದೆ. ಅದರ ಕಾಲ 1007. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದ ಮಹಾತಾಯಿ ಆಕೆ. ಕಾಶಿವಿಶ್ವೇಶ್ವರನ ಗುಡಿಯ ಬಾಗಿಲುವಾಡದ ಕೆತ್ತನೆಯನ್ನು ಹತ್ತಿರದಿಂದ ನೋಡಿ. ಕಲ್ಲನ್ನು ಮರದಂತೆ ಕೊರೆದಿದ್ದಾರೆ. ಆದರೆ ಗುಡಿ ನೋಡಿ ಬಂದವರು ಬಾವಿಯನ್ನು ಮರೆಯುತ್ತಾರೆ. ಲಕ್ಕುಂಡಿಗೆ ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತಿದೆ. ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ಇಳಿದು ನೋಡಿ. ಗುಡಿಗೆ ಕೊಟ್ಟ ಶ್ರದ್ಧೆಯನ್ನೇ ಬಾವಿಗೂ ಕೊಟ್ಟಿದ್ದಾರೆ. ಮಳೆ ಕಡಿಮೆ ಇರುವ ನಾಡಿನ ಜನ ಬಿದ್ದ ಹನಿಯನ್ನು ದೇವರ ಸಮಾನವಾಗಿ ಕಂಡರು ಎಂಬುದಕ್ಕೆ ಅದಕ್ಕಿಂತ ದೊಡ್ಡ ಶಾಸನ ಬೇಕಿಲ್ಲ.

ನೀರಿನ ವಿಷಯ ಬಂದುದರಿಂದ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಮಹದಾಯಿಯ ನೀರಿನ ಬಗ್ಗೆ ನಿಮಗೂ ನಮಗೂ ಒಮ್ಮತವಿಲ್ಲ. ಕಳಸಾ-ಬಂಡೂರಿಗಾಗಿ 2015ರಲ್ಲಿ ನರಗುಂದದಲ್ಲಿ ಧರಣಿ ಕುಳಿತವರಲ್ಲಿ ನಮ್ಮ ಬಂಧುಗಳಿದ್ದರು. ಕಣಕುಂಬಿಯ ಕಾಡಿಗಾಗಿ ದನಿಯೆತ್ತಿದವರಲ್ಲಿ ನಿಮ್ಮ ಮಿತ್ರರಿದ್ದರು. ಈ ವ್ಯಾಜ್ಯ ಇಂದು ಇಲ್ಲಿ ತೀರುವಂತಹುದಲ್ಲ. ಆದರೆ ನಮ್ಮ ಬಾಯಾರಿಕೆಯನ್ನು ನೀವು ಕಣ್ಣಾರೆ ಕಾಣದೆ, ನಿಮ್ಮ ಕಾಡನ್ನು ನಾವು ಕಣ್ಣಾರೆ ಕಾಣದೆ ಮಾಡುವ ವಾದವು ದೂರದಿಂದ ಕಲ್ಲು ಎಸೆದಂತೆ. ಲಕ್ಕುಂಡಿಯ ಬಾವಿಗಳ ಮುಂದೆ ನಿಂತಾಗ ನಾವಿಬ್ಬರೂ ಕಲಿಯಬೇಕಾದುದು ಬಹಳವಿದೆ.

ಕಪ್ಪತಗುಡ್ಡ ಮತ್ತು ಮಾಗಡಿ ಕೆರೆ

ನಾಳೆ ಬೆಳಿಗ್ಗೆ ಕಪ್ಪತಗುಡ್ಡ. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡುವುದು ಲೇಸು ಎಂಬುದು ನಮ್ಮ ಕಡೆಯ ಗಾದೆ. ಸಹ್ಯಾದ್ರಿಯನ್ನು ಕಂಡ ನಿಮಗೆ ಅದು ಚಿಕ್ಕ ಬೆಟ್ಟವಾಗಿ ಕಾಣಬಹುದು. ಬಯಲಿನ ನಡುವೆ ಬೆನ್ನೆಲುಬಿನಂತೆ ಎದ್ದು ನಿಂತ ಈ ಗುಡ್ಡಸಾಲಿನ ಮೈತುಂಬ ಹುಲ್ಲು, ಕುರುಚಲು, ಔಷಧಿಯ ಗಿಡಮೂಲಿಕೆಗಳು. ಅದರ ಒಡಲಲ್ಲಿ ಕಬ್ಬಿಣವಿದೆ, ಬಂಗಾರವೂ ಇದೆ. ಆ ಬಂಗಾರವೇ ಅದರ ಶತ್ರು.

2011ರಲ್ಲಿ ಗುಡ್ಡದ ಸೀಮೆಯ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆ ಬರುವುದೆಂದಾಗ, ರೈತರೂ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳೂ ಕೂಡಿ ವಿರೋಧಿಸಿದರು. ಸರಕಾರ ಆ ಯೋಜನೆಯನ್ನು ಕೈಬಿಟ್ಟಿತು. 2015ರ ಡಿಸೆಂಬರಿನಲ್ಲಿ ಗುಡ್ಡವನ್ನು ಸಂರಕ್ಷಿತ ಮೀಸಲು ಎಂದು ಘೋಷಿಸಿದ ಸರಕಾರವೇ 2016ರ ನವೆಂಬರಿನಲ್ಲಿ ಆ ಘೋಷಣೆಯನ್ನು ಹಿಂತೆಗೆದುಕೊಂಡಿತು. ಮತ್ತೆ ಜನ ಗದಗಿನ ಬೀದಿಗಿಳಿದರು. ಸ್ವಾಮಿಗಳು ತಮ್ಮ ಇಳಿವಯಸ್ಸಿನಲ್ಲಿ ಧರಣಿ ಕುಳಿತರು. 2017ರ ಏಪ್ರಿಲಿನಲ್ಲಿ ಘೋಷಣೆ ಮರಳಿ ಬಂತು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಮರುವರ್ಷ, 2019ರಲ್ಲಿ, ಸುಮಾರು 244 ಚದರ ಕಿಲೋಮೀಟರ್ ಪ್ರದೇಶವು ವನ್ಯಜೀವಿಧಾಮವಾಯಿತು. ಇಷ್ಟಾದರೂ ಗಣಿಯ ಆಸೆ ಸಂಪೂರ್ಣ ಆರಿಲ್ಲ. ಅಲ್ಲಿ ನಡೆಯುವಾಗ ಗಾಳಿಯಂತ್ರಗಳನ್ನೂ ನೋಡುತ್ತೀರಿ. ಹೊಗೆಯಿಲ್ಲದ ವಿದ್ಯುತ್ತು ನಮಗೆ ಬೇಕು ಎಂಬುದು ನಿಜ. ಆದರೆ ಅದಕ್ಕಾಗಿ ಗುಡ್ಡದ ನೆತ್ತಿಯ ಮೇಲೆ ರಸ್ತೆ ಕಡಿಯುವ ಮೊದಲು ಅಲ್ಲಿ ಏನಿತ್ತೆಂದು ಯಾರಾದರೂ ಕೇಳಿದ್ದರೇ? ಮುದುಕನ ಪ್ರಶ್ನೆ ಇಲ್ಲಿಯೂ ನಿಲ್ಲುತ್ತದೆ.

ಗುಡ್ಡದಿಂದ ಇಳಿದು ಲಕ್ಷ್ಮೇಶ್ವರಕ್ಕೆ ಹೋಗುವ ಮುನ್ನ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ. ಚಳಿಗಾಲದಲ್ಲಿ ಅಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಇಳಿದಿರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳಿವು. ಕೆರೆ ಅವುಗಳಿಗೆ ವಿಶ್ರಾಂತಿಯ ಸ್ಥಳ. ಆಹಾರಕ್ಕೆ ಸುತ್ತಲಿನ ಹೊಲಗಳಿಗೆ ಹೋಗುತ್ತವೆ. ರೈತರಿಗೆ ಅದರಿಂದ ಅಷ್ಟಿಷ್ಟು ನಷ್ಟವೂ ಉಂಟು. 2024ರ ಜನವರಿಯಲ್ಲಿ ಕರ್ನಾಟಕದ ಮೂರು ಜೌಗು ತಾಣಗಳು ಒಟ್ಟಿಗೆ ರಾಮ್ಸರ್ ಪಟ್ಟಿಗೆ ಸೇರಿದವು: ಹೊಸಪೇಟೆಯ ಸೀಮೆಯ ಅಂಕಸಮುದ್ರ, ನಮ್ಮ ಮಾಗಡಿ ಕೆರೆ ಮತ್ತು ನಿಮ್ಮ ಅಘನಾಶಿನಿಯ ಅಳಿವೆ. ನಮ್ಮ ಕೆರೆಯೂ ನಿಮ್ಮ ನದಿಯೂ ಒಂದೇ ದಿನ ಒಂದೇ ಪಟ್ಟಿಯಲ್ಲಿ ಬಂದುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಬಂಕಾಪುರದಿಂದ ರಾಣೆಬೆನ್ನೂರಿಗೆ

ಮೂರನೆಯ ದಿನ ಸವಣೂರಿನ ಮೇಲೆ ಹಾಯ್ದು ಹೋಗುತ್ತೀರಿ. ಅಲ್ಲಿಯ ದೊಡ್ಡಹುಣಸೆ ಕಲ್ಮಠದಲ್ಲಿ ಆನೆಯ ಗಾತ್ರದ ಬುಡವಿರುವ ಬಾವೊಬಾಬ್ ಮರವನ್ನು ನೋಡಿ. ಅದು ಆಫ್ರಿಕಾದ ಹುಲ್ಲುಗಾವಲಿನ ಮರ. ಅಲ್ಲಿಂದ ಬಂಕಾಪುರ. ರಾಷ್ಟ್ರಕೂಟರ ಸಾಮಂತ ಬಂಕೆಯನ ಹೆಸರು ಹೊತ್ತ ಊರು ಅದು. ಪಾಳುಬಿದ್ದ ಕೋಟೆಯೊಳಗೆ ನಗರೇಶ್ವರನ ಗುಡಿ ಇದೆ. ಕಂಬಗಳ ಸಂಖ್ಯೆಯಿಂದ ಅದನ್ನು ಅರವತ್ತು ಕಂಬದ ಗುಡಿ ಎಂದು ಕರೆಯುತ್ತಾರೆ. ಅದೇ ಕೋಟೆಯ ಆವರಣ 2006ರಿಂದ ನವಿಲುಧಾಮ. ಒಳಗೆ ಖಿಲಾರಿ ದನಗಳ ತಳಿ ಕೇಂದ್ರವೂ ಇದೆ. ದನಗಳಿಗಾಗಿ ಉಳಿಸಿದ ಹುಲ್ಲು ನವಿಲನ್ನೂ ಉಳಿಸಿತು. ಇತಿಹಾಸ, ಪಶುಸಂಗೋಪನೆ, ವನ್ಯಜೀವಿ ಮೂರೂ ಒಂದೇ ಗೋಡೆಯೊಳಗೆ ಬಾಳಬಹುದೆಂಬುದಕ್ಕೆ ಬಂಕಾಪುರ ಸಾಕ್ಷಿ.

ಕೊನೆಯದು ರಾಣೆಬೆನ್ನೂರು. 119 ಚದರ ಕಿಲೋಮೀಟರ್ ವಿಸ್ತಾರದ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಸ್ಥಾಪನೆಯಾಯಿತು. ಆಗ ಅಲ್ಲಿ ಎರ್ಲಡ್ಡು ಎಂಬ ದೊಡ್ಡ ಹಕ್ಕಿಯೂ ಇತ್ತು. ಎರೆಭೂತ ಎಂದೂ ಅದನ್ನು ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಮೂರಡಿ ಎತ್ತರದ ಆ ಹಕ್ಕಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಸುತ್ತಲೂ ದೂರದವರೆಗೆ ಕಾಣುವ ಬಯಲು ಇದ್ದರೆ ಮಾತ್ರ ಅದಕ್ಕೆ ಧೈರ್ಯ. ಆದರೆ ಅಭಯಾರಣ್ಯದ ಬಹುಭಾಗದಲ್ಲಿ ನೀಲಗಿರಿ ಬೆಳೆಸಲಾಯಿತು. ಅರಣ್ಯ ಎಂದ ಮೇಲೆ ಮರ ಇರಲೇಬೇಕಲ್ಲವೇ! ಚಿಗರಿಯು ಹೇಗೋ ಹೊಂದಿಕೊಂಡು ಸಂಖ್ಯೆಯಲ್ಲಿ ಹೆಚ್ಚಿತು; ಇಂದು ಅದು ಹೊಲಕ್ಕೆ ನುಗ್ಗುತ್ತದೆಂದು ರೈತರು ದೂರುತ್ತಾರೆ. ಎರ್ಲಡ್ಡು ಹೊಂದಿಕೊಳ್ಳಲಿಲ್ಲ. ಈಗ ಅಲ್ಲಿ ಅದಿಲ್ಲ. ಇಡೀ ದೇಶದಲ್ಲಿ ಕಾಡಿನಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು, ಹೆಚ್ಚಿನವು ರಾಜಸ್ಥಾನದಲ್ಲಿ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು. ನಾನು ಕಾಲೇಜಿನ ದಿನಗಳಲ್ಲಿ ಒಂದು ಗುಡ್ಡಕ್ಕೆ ಮಾಡಿದ ತಪ್ಪನ್ನು ಒಂದು ಅಭಯಾರಣ್ಯದ ಅಳತೆಯಲ್ಲಿ ನೀವು ಅಲ್ಲಿ ನೋಡುತ್ತೀರಿ.

ಸಮಯವಿದ್ದವರು ಮತ್ತೊಮ್ಮೆ ಉತ್ತರಕ್ಕೆ ಬನ್ನಿ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಕೆಂಪು ಮರಳುಗಲ್ಲಿನ ಸೀಮೆ, ಬೀಳಗಿ-ಮುಧೋಳಗಳ ಕಡೆಯ ಯಡಹಳ್ಳಿಯಲ್ಲಿ 2016ರಲ್ಲಿ ಘೋಷಣೆಯಾದ ಚಿಂಕಾರಾ ಧಾಮ, ಗಂಗಾವತಿಯ ಕಡೆಗೆ ತೋಳಗಳಿಗಾಗಿಯೇ ಮೀಸಲಿಟ್ಟ ಇನ್ನೊಂದು ಬಂಕಾಪುರ, ಇವೆಲ್ಲ ಇದೇ ಬಯಲಿನ ಮಕ್ಕಳು.

ಬೇರೆ ದೇಶದ ಒಂದು ಪಾಠ

ಅಮೆರಿಕದ ಉತ್ತರ ಡಕೋಟಾ ಎಂಬ ರಾಜ್ಯದಲ್ಲಿಯೂ ಇಂತಹುದೇ ಹುಲ್ಲಿನ ಬಯಲಿದೆ, ಮಳೆಗಾಳಿ ಕೊರೆದ ಒರಟು ದಿಣ್ಣೆಗಳಿವೆ. ಅಂತಹ ನೆಲಕ್ಕೆ ಅವರಿಟ್ಟ ಹೆಸರು 'ಬ್ಯಾಡ್‌ಲ್ಯಾಂಡ್ಸ್', ಅಂದರೆ ಕೆಟ್ಟ ನೆಲ, ನಮ್ಮ ಖರಾಬು! 1883ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಎಂಬ ತರುಣ ಅಲ್ಲಿಗೆ ಕಾಡೆಮ್ಮೆಯ ಬೇಟೆಗೆಂದು ಬಂದ. ಕೋಟಿಗಟ್ಟಲೆ ಇದ್ದ ಬೈಸನ್‌ಗಳು ಆ ಶತಮಾನದ ಕೊನೆಗೆ ಸಾವಿರಕ್ಕಿಂತ ಕಡಿಮೆಯಾದವು. ಅದನ್ನು ಕಣ್ಣಾರೆ ಕಂಡ ಆತ ಮುಂದೆ ಅಧ್ಯಕ್ಷನಾದಾಗ ಕಾಡು-ಬಯಲುಗಳ ರಕ್ಷಣೆಗೆ ದುಡಿದ. 1947ರಲ್ಲಿ ಆ ಬಯಲಿನಲ್ಲಿ ಅವನ ಹೆಸರಿನ ಉದ್ಯಾನ ಆಯಿತು. 1956ರಲ್ಲಿ ಬೈಸನ್‌ಗಳನ್ನು ಮರಳಿ ತಂದು ಬಿಟ್ಟರು. 1978ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಇಂದು ಜನ ದೂರದಿಂದ ಆ 'ಕೆಟ್ಟ ನೆಲ'ವನ್ನೂ ಅದರ ಬಾಗಿಲಲ್ಲಿರುವ ಮೆಡೋರಾ ಎಂಬ ಹಳೆಯ ಪಟ್ಟಣವನ್ನೂ ನೋಡಲು ಬರುತ್ತಾರೆ.

ಇದರಲ್ಲಿ ಕಲಿಯುವುದೂ ಇದೆ, ಕಲಿಯಬಾರದುದೂ ಇದೆ. ಆ ನೆಲ ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲ. ನಾವು ಬಯಲನ್ನು ಉಳಿಸುವ ಹೆಸರಿನಲ್ಲಿ ಕುರಿಗಾಹಿಯನ್ನು ಹೊರಗಟ್ಟಿದರೆ ಅದೇ ಅನ್ಯಾಯ ಇಲ್ಲಿಯೂ ಆಗುತ್ತದೆ. ನಮ್ಮ ಕುರುಬರು ಮಳೆಯನ್ನು ಹಿಂಬಾಲಿಸಿ ಊರೂರು ನಡೆಯುತ್ತಾರೆ. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ ಗೊಬ್ಬರ ಕೊಡುತ್ತಾರೆ. ಮೆಡ್ಲೇರಿಯ ಕಂಬಳಿ ಹುಟ್ಟುವುದು ಈ ಹುಲ್ಲಿನಿಂದಲೇ. ಮಿತಿಮೀರಿ ಮೇಯಿಸಿದರೆ ಹುಲ್ಲು ಸಾಯುತ್ತದೆ ಎಂಬುದನ್ನೂ ಅವರೇ ನಮಗಿಂತ ಚೆನ್ನಾಗಿ ಬಲ್ಲರು. ಅವರನ್ನು ಕೂರಿಸಿಕೊಂಡು ಮಾತಾಡದ ಯಾವ ರಕ್ಷಣೆಯೂ ನಿಲ್ಲಲಾರದು.

ನಡೆಯುವಾಗ ಮತ್ತು ಮರಳಿದ ಮೇಲೆ

ವಿದ್ಯಾರ್ಥಿಗಳಿಗೆ ಕೆಲವು ಸೂಚನೆಗಳು. ಬಯಲಿನಲ್ಲಿ ಕಾಲುದಾರಿ ಬಿಟ್ಟು ಹರಡಿಕೊಂಡು ನಡೆಯಬೇಡಿ. ಇಲ್ಲಿಯ ಬಾನಾಡಿ, ಟಿಟ್ಟಿಭ, ಗೌಜಲಕ್ಕಿಗಳ ಮನೆ ನೆಲದ ಮೇಲೆಯೇ ಇರುತ್ತದೆ. ವಾಹನವನ್ನು ಹುಲ್ಲಿನ ಮೇಲೆ ಹತ್ತಿಸಬೇಡಿ. ಬೆಂಕಿ ಹಚ್ಚಬೇಡಿ. ಸೂರ್ಯ ಏರುವ ಮೊದಲೇ ಹೊರಡಿ; ಹತ್ತು ಗಂಟೆಯ ನಂತರ ಬಯಲು ಬಾಯಿ ಮುಚ್ಚಿಕೊಳ್ಳುತ್ತದೆ. ಒಂದು ಕಡೆ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಹಳೆಯ ಗುಡಿಗಳ ಗೋಡೆಯ ಮೇಲೆ ಹೆಸರು ಕೆತ್ತಬೇಡಿ, ಬಾವಿಗೆ ಪ್ಲಾಸ್ಟಿಕ್ ಎಸೆಯಬೇಡಿ. ಹಿರಿಯರು ಸಿಕ್ಕರೆ, "ಇಲ್ಲಿ ಮೊದಲು ಏನಿತ್ತು?" ಎಂದು ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ.

ಊರಿಗೆ ಮರಳಿದ ಮೇಲೆ ನಿಮಗೊಂದು ಕೆಲಸವಿದೆ. ನಿಮ್ಮಲ್ಲಿಯೂ ಹುಲ್ಲುಗಾವಲುಗಳಿವೆ, ನೀವು ಅವನ್ನು ಬೇಣ ಎನ್ನುತ್ತೀರಿ. ಕೊಟ್ಟಿಗೆಗೆ ಮೇವು, ಮಾಡಿಗೆ ಹೊದಿಕೆ ಕೊಟ್ಟ ಬೇಣಗಳು. ಅವುಗಳಲ್ಲಿ ಎಷ್ಟು ಉಳಿದಿವೆ, ಎಷ್ಟರಲ್ಲಿ ಅಕೇಶಿಯಾ ಎದ್ದಿದೆ, ಎಷ್ಟು ಪಹಣಿಯಲ್ಲಿ ಖರಾಬು ಎಂದು ಕುಳಿತಿವೆ, ನೋಡಿ ಬರೆಯಿರಿ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ಆ ದಾಖಲೆಯಲ್ಲಿ ಮರಗಳ ಪಟ್ಟಿಯ ಜೊತೆಗೆ ನಿಮ್ಮ ಬೇಣದ ಹೆಸರು, ಅದರ ಹುಲ್ಲುಗಳ ಹೆಸರು, ಅದರ ಹಕ್ಕಿಗಳ ಹೆಸರು ಬರಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ. ನಾವು ಇಲ್ಲಿ ನಮ್ಮ ಗಾಯರಾಣಗಳಿಗೆ ಅದನ್ನೇ ಮಾಡಲು ಹೊರಟಿದ್ದೇವೆ. ಒಬ್ಬರ ದಾಖಲೆಯನ್ನು ಒಬ್ಬರು ಓದೋಣ.

ಇನ್ನು ಕೆಲವು ದಿನಗಳಲ್ಲಿ ಎಳ್ಳಮಾವಾಸ್ಯೆ. ಅಂದು ನಾವು ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಭೂಮಿತಾಯಿಗೆ ಚರಗ ಚೆಲ್ಲುತ್ತೇವೆ. ಸಾಧ್ಯವಾದವರು ಮರಳಿ ಬನ್ನಿ. ಜೋಳದ ಕಡಬು, ಪುಂಡಿಪಲ್ಯ, ಎಣ್ಣೆಗಾಯಿ ಹೊಲದಲ್ಲಿಯೇ ಕುಳಿತು ಉಣ್ಣೋಣ. ಈ ಬಾರಿ ನೋಡಿದುದರ ಬಗ್ಗೆ, "ಏನೂ ಇಲ್ಲ" ಎಂದ ತಮ್ಮನೂ ನಾಲ್ಕು ಮಾತು ಹೇಳಲಿ. ಈಗ ಬಸ್ಸಿಗೆ ಹೊತ್ತಾಯಿತು, ಅಣ್ಣಿಗೇರಿಯಲ್ಲಿ ಬಿಸಿಲೇರುವ ಮೊದಲು ನೀವು ಇರಬೇಕು.